ಗೋವಿನ ಹಾಡಿನಲ್ಲಿ ಪ್ರಾಸ ತಪ್ಪುವ ಸಾಲುಗಳು: ಲಯ, ಪ್ರಾಸ, ಮರುಕಳಿಕೆ ಬಗ್ಗೆ ಚರ್ಚೆ

ಸೇಡಂ ಮೇಷ್ಟ್ರು

ನಮಸ್ಕಾರ್ರಿ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಛಂದಸ್ಸಿನ ಪಾಠ ಬಂತು ಅಂದರೆ ಮಕ್ಕಳು ಗುರು ಲಘು ಹಾಕುತ್ತಾರೆ, ಗಣ ವಿಂಗಡಿಸುತ್ತಾರೆ, ಹೆಸರು ಬರೆಯುತ್ತಾರೆ, ಅಂಕ ತಗೊಳ್ಳುತ್ತಾರೆ. ಆದರೆ ಮೇಲೆ ಹಾಕಿದ ಗೆರೆಗೂ ಕೆಳಗಿನ ಕಥೆಗೂ ಏನು ಸಂಬಂಧ ಅಂತ ಯಾರೂ ಕೇಳಲ್ಲ. ಈ ಸಲ ಅದನ್ನೇ ಹಿಡಿದು ಪಾಠ ಮಾಡಬೇಕು ಅಂತಿದ್ದೇನೆ. ಅದಕ್ಕೆ ಎಲ್ಲರಿಗೂ ಬಾಯಿಗೆ ಬರುವ ಒಂದೇ ಕಥನಗೀತೆ ಆರಿಸಿದ್ದೇನೆ: ಗೋವಿನ ಹಾಡು, ನಮ್ಮ ಪುಣ್ಯಕೋಟಿ ಕಥೆ.

ಮೊದಲು ಲಯ ನೋಡೋಣ.

ಸತ್ಯವೇ ನಮ್ಮ ತಾಯಿ ತಂದೆ
ಸತ್ಯವೇ ನಮ್ಮ ಬಂಧು ಬಳಗ
ಸತ್ಯವಾಕ್ಯಕೆ ತಪ್ಪಿ ನಡೆದರೆ
ಮೆಚ್ಚನಾ ಪರಮಾತ್ಮನು

ಮಾತ್ರೆ ಎಣಿಸಿ. ಹ್ರಸ್ವ ಅಕ್ಷರಕ್ಕೆ 1 (ಲಘು); ದೀರ್ಘ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವಕ್ಕೆ 2 (ಗುರು). ಸತ್ಯ 3, ವೇ ನಮ್ 4, ಮ ತಾ 3, ಯಿ ತಂದೆ 4. ಎರಡನೇ ಸಾಲೂ 3+4+3+4. ಮೂರನೆಯದೂ ಅಷ್ಟೇ. ನಾಲ್ಕನೆಯದು ಮಾತ್ರ ಗಿಡ್ಡ: ಮೆಚ್ಚ 3, ನಾ ಪರ 4, ಮಾತ್ಮ 3, ಆಮೇಲೆ "ನು" ಅಂತ ಒಂದೇ ಅಕ್ಷರ. ಅದನ್ನು ಎಳೆದು ನಿಲ್ಲಿಸುತ್ತೇವೆ. ಭಾಮಿನಿ ಷಟ್ಪದಿ ಓದಿದವರಿಗೆ ಈ 3+4 ನಡಿಗೆ ತಕ್ಷಣ ಗುರುತು ಸಿಗುತ್ತೆ. ಅಲ್ಲಿ ಮೂರನೇ ಮತ್ತು ಆರನೇ ಸಾಲು ಉದ್ದವಾಗುತ್ತವೆ, ಇಲ್ಲಿ ನಾಲ್ಕನೇ ಸಾಲು ಮೊಟಕಾಗುತ್ತೆ. ಅಷ್ಟು ವ್ಯತ್ಯಾಸಕ್ಕೇ ಹಾಡಿನ ಸ್ವಭಾವ ಬದಲಾಗುತ್ತೆ. ಷಟ್ಪದಿ ಹರಿದು ಹೋಗುತ್ತೆ, ಇದು ನಾಲ್ಕು ನಾಲ್ಕು ಸಾಲಿಗೆ ನಿಂತು ಉಸಿರು ತಗೊಳ್ಳುತ್ತೆ.

ಇನ್ನು ಪ್ರಾಸ. ನಮ್ಮ ತಾಲ್ಲೂಕಿನ ಮಳಖೇಡವೇ ಹಳೆಯ ಮಾನ್ಯಖೇಟ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ನೃಪತುಂಗನ ಆಸ್ಥಾನದಲ್ಲಿ 850ರ ಸುಮಾರಿಗೆ ಬಂದ ಕವಿರಾಜಮಾರ್ಗದಲ್ಲೇ ಪ್ರಾಸದ ಚರ್ಚೆ ಇದೆ. ಕನ್ನಡದ ಹಳೆಯ ಪ್ರಾಸ ಸಾಲಿನ ಕೊನೆಯಲ್ಲಿ ಬರುವುದಲ್ಲ, ಶುರುವಿನಲ್ಲಿ ಬರುವುದು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೊದಲ ಪದ್ಯ ನೋಡಿ: ಧರಣಿ, ಮೆರೆಯುತಿಹ, ಇರುವ, ಪರಿಯ. ನಾಲ್ಕಕ್ಕೂ "ರ". ಹುಲಿಯ ಮುಂದೆ ಬಂದು ನಿಂತು ಹಸು ಹೇಳುವ ಪದ್ಯ ಇನ್ನೂ ಬಿಗಿ:

ಖಂಡವಿದೆಕೋ ಮಾಂಸವಿದೆಕೋ
ಗುಂಡಿಗೆಯ ಬಿಸಿ ರಕ್ತವಿದೆಕೋ
ಚಂಡ ವ್ಯಾಘ್ರನೆ ನೀನಿದೆಲ್ಲವ
ನುಂಡು ಸಂತಸದಿಂದಿರು

ಖಂಡ, ಗುಂಡಿ, ಚಂಡ, ನುಂಡು. ಎದೆಗೆ ಗುದ್ದಿದ ಹಾಗೆ ಬರುತ್ತೆ ಅಲ್ವಾ? ನಾಗವರ್ಮನ ಛಂದಸ್ಸಿನ ಗ್ರಂಥ ಛಂದೋಂಬುಧಿ ಪ್ರಾಸಗಳಿಗೆ ಪ್ರಾಣಿಗಳ ಹೆಸರು ಇಡುತ್ತೆ. ಮೊದಲ ಅಕ್ಷರ ಹ್ರಸ್ವ ಇದ್ದು ಎರಡನೆಯದು ಒತ್ತಿಲ್ಲದೆ ಬಂದರೆ ಸಿಂಹ, ಮೊದಲ ಅಕ್ಷರ ದೀರ್ಘ ಇದ್ದರೆ ಗಜ, ಸೊನ್ನೆ ಇದ್ದರೆ ವೃಷಭ, ಅದೇ ಅಕ್ಷರದ ಒತ್ತು ಬಂದರೆ ಹಯ. ಹಾಗಾಗಿ ಧರಣಿ ಪದ್ಯ ಸಿಂಹಪ್ರಾಸ, ಖಂಡ ಪದ್ಯ ವೃಷಭಪ್ರಾಸ. ಮಕ್ಕಳಿಗೆ ಈ ಹೆಸರುಗಳು ಬಹಳ ಇಷ್ಟ.

ಈಗ ನನ್ನ ಮುಖ್ಯ ಮಾತು. ಇಷ್ಟು ಬಿಗಿಯಾಗಿ ಪ್ರಾಸ ಕಟ್ಟುವ ಹಾಡು ಕೆಲವು ಕಡೆ ಅದನ್ನು ಬಿಟ್ಟುಬಿಡುತ್ತೆ. ಸತ್ಯ, ಸತ್ಯ, ಸತ್ಯ ಆದಮೇಲೆ "ಮೆಚ್ಚ". ಇನ್ನೊಂದು ಕಡೆ ಮುಂದೆ, ಹಿಂದೆ, ಕಂದ ಆದಮೇಲೆ "ತಬ್ಬಲಿಯನೀ ಕರುವನು". ಮತ್ತೊಂದು ಕಡೆ ಪುಣ್ಯ, ಕಣ್ಣ, ಕನ್ನೆ ಆದಮೇಲೆ ಮತ್ತೆ "ಮೆಚ್ಚನಾ ಪರಮಾತ್ಮನು". ಗಮನಿಸಿ, ಇವೆಲ್ಲ ನಾಲ್ಕನೇ ಸಾಲುಗಳೇ. ಅಷ್ಟೇ ಅಲ್ಲ, ಇವೆಲ್ಲ ಹಾಡಿನಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬರುವ ಸಾಲುಗಳು. ಒಂದೇ ಸಲ ಬರುವ ನಾಲ್ಕನೇ ಸಾಲುಗಳಾದ "ಪರಿಯ ನಾನೆಂತು ಪೇಳ್ವೆನು", "ನುಂಡು ಸಂತಸದಿಂದಿರು" ತಮ್ಮ ಪದ್ಯದ ಪ್ರಾಸಕ್ಕೆ ಸರಿಯಾಗಿ ಕೂಡುತ್ತವೆ. ಅಂದರೆ ಮರುಕಳಿಸುವ ಸಾಲು ಆ ಪದ್ಯದ ಮಾತಲ್ಲ, ಇಡೀ ಹಾಡಿನ ಮಾತು. ಅದಕ್ಕೇ ಅದು ಪದ್ಯದ ಪ್ರಾಸಕ್ಕೆ ತಲೆಬಾಗಲ್ಲ. ಪ್ರಾಸ ತಪ್ಪಿದ ಕಡೆ ಕಿವಿ ನಿಲ್ಲುತ್ತೆ, ಸಾಲು ಮನಸ್ಸಿಗೆ ಇಳಿಯುತ್ತೆ.

ನಿಮ್ಮ ಕಡೆ ಕಥೆ ಹೇಳುವ ಹಾಡುಗಳಲ್ಲಿ, ಲಾವಣಿ ಇರಲಿ, ಗೀಗೀ ಪದ ಇರಲಿ, ಅಲಾಯಿ (ಮೊಹರಂ) ಹಬ್ಬದ ಪದ ಇರಲಿ, ಹೀಗೇ ಆಗುತ್ತಾ? ಗೊತ್ತಿದ್ದವರು ಬರೆಯಿರಿ.

ಡಪ್ಪಿನ ಕೈ, ಆಳಂದ

ಸರ್, ಶರಣು. ನಮ್ಮ ಗೀಗೀ ಮೇಳದಲ್ಲಿ ಇದು ಪೂರ್ತಿ ಉಲ್ಟಾ ರೀ.

ನಮ್ಮಲ್ಲಿ ಮೊದಲು ಪಲ್ಲ, ಅಂದರೆ ಪಲ್ಲವಿ, ಬರುತ್ತೆ. ಆಮೇಲೆ ನುಡಿ, ಅಂದರೆ ಚರಣ. ನುಡಿಯೊಳಗೆ ಏರು, ಚಾಲ, ಇಳುವು ಅಂತ ಭಾಗಗಳು ಇರುತ್ತವೆ. ಕೊನೆಗೆ ಕೂಡುಪಲ್ಲ ಬಂದು ಪಲ್ಲಕ್ಕೆ ಸೇರುತ್ತೆ. ನುಡಿ ತಿರುಗಿ ಪಲ್ಲಕ್ಕೆ ಬರೋ ಜಾಗದಲ್ಲಿ ಅಂತ್ಯಪ್ರಾಸ ಕೂಡಲೇಬೇಕು. ಕೂಡಲಿಲ್ಲ ಅಂದರೆ ಹಿಮ್ಮೇಳದವರು ಎತ್ತಿಕೊಳ್ಳಲ್ಲ, ಜನಕ್ಕೂ ಗೊತ್ತಾಗುತ್ತೆ. ಮುಮ್ಮೇಳದವನು ನುಡಿ ಕಟ್ಟುವಾಗಲೇ ಪಲ್ಲದ ಕೊನೆ ಅಕ್ಷರ ತಲೆಯಲ್ಲಿ ಇಟ್ಟುಕೊಂಡಿರುತ್ತಾನೆ. ಗಂಡು ಹೆಚ್ಚು ಅಂತ ಒಂದು ಮೇಳ, ಹೆಣ್ಣು ಹೆಚ್ಚು ಅಂತ ಇನ್ನೊಂದು ಮೇಳ ಹಾಡುವ ಹರದೇಶಿ ನಾಗೇಶಿ ವಾದದಲ್ಲಿ ಎದುರಿನವರು ಪ್ರಶ್ನೆ ಎಸೆದಾಗ ಅಲ್ಲೇ ನಿಂತು ಉತ್ತರ ಕಟ್ಟಬೇಕಾದರೆ ಆ ಕೊನೆ ಅಕ್ಷರವೇ ದಾರಿ ತೋರಿಸುತ್ತೆ.

ಹಾಗಾಗಿ ಮರುಕಳಿಸುವ ಸಾಲು ಪ್ರಾಸಕ್ಕೆ ಬಗ್ಗಲ್ಲ ಅನ್ನೋದು ನಿಜ. ಆದರೆ ನಮ್ಮಲ್ಲಿ ಉಳಿದ ಸಾಲುಗಳು ಅದಕ್ಕೆ ಬಗ್ಗುತ್ತವೆ. ನಿಮ್ಮ ಹಾಡಿನಲ್ಲಿ ಅದು ಒಂಟಿಯಾಗಿ ನಿಲ್ಲುತ್ತೆ, ನಮ್ಮಲ್ಲಿ ಎಲ್ಲರನ್ನೂ ತನ್ನ ಕಡೆ ಎಳೆಯುತ್ತೆ. ತತ್ವಪದದಲ್ಲೂ ಇದೇ ಪದ್ಧತಿ. ನಮ್ಮ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರ ಪದ ಭಜನೆಯಲ್ಲಿ ಹಾಡುವಾಗ ಗಮನ ಇಟ್ಟು ಕೇಳಿ, ನುಡಿ ಮುಗಿಯೋ ಮುಂಚೆಯೇ ತಾಳದವರು ಪಲ್ಲವಿಗೆ ತಯಾರಾಗಿರುತ್ತಾರೆ.

ಇನ್ನೊಂದು ಮಾತು. ಡಪ್ಪು, ತುಂತುಣಿ, ತಾಳ ಇಲ್ಲದೆ ಲಯದ ಲೆಕ್ಕ ಹೇಳೋದು ಕಷ್ಟ ಸರ್. ಹಾಳೆಯ ಮೇಲೆ ಒಂದು ಮಾತ್ರೆ ಕಡಿಮೆ ಕಂಡಿದ್ದು ಹಾಡುವಾಗ ಕಡಿಮೆ ಇರಲ್ಲ.

ಶಹಾಪುರ ಡಿಗ್ರಿ ಹುಡುಗ

ಮೇಷ್ಟ್ರೇ, ನಂದು ಬಿಎ. ನಮಗೆ ಇಂಗ್ಲಿಷ್ ಪೇಪರಿನಲ್ಲಿ ಬ್ಯಾಲಡ್ ಅಂತ ಒಂದು ಪಾಠ ಇದೆ. ಅದೂ ನಾಲ್ಕು ಸಾಲಿನ ಪದ್ಯವೇ. ಒಂದನೇ ಮತ್ತು ಮೂರನೇ ಸಾಲಿಗೆ ನಾಲ್ಕು ಪೆಟ್ಟು, ಎರಡನೇ ಮತ್ತು ನಾಲ್ಕನೇ ಸಾಲಿಗೆ ಮೂರು ಪೆಟ್ಟು. ಪ್ರಾಸ ಎರಡನೇ ಮತ್ತು ನಾಲ್ಕನೇ ಸಾಲಿನ ಕೊನೆಯಲ್ಲಿ. ಪರೀಕ್ಷೆಗೆ ಅಂತ ಇದನ್ನು ಬಾಯಿಪಾಠ ಮಾಡಿದ್ದೆ. ಗೋವಿನ ಹಾಡಲ್ಲೂ ಕೊನೆ ಸಾಲು ಗಿಡ್ಡ ಅಂತ ನೀವು ಬರೆದಿದ್ದು ಓದಿದ ಮೇಲೆ, ಅರೆ, ಅವರೂ ಇದನ್ನೇ ಮಾಡಿದ್ದಾರಲ್ಲ ಅನ್ನಿಸಿತು. ಎಲ್ಲಾ ಕಡೆ ಹಾಡಿ ಕಥೆ ಹೇಳುವವರಿಗೆ ಉಸಿರು ಬೇಕೇ ಬೇಕಲ್ಲ.

ಒಂದು ಡೌಟು. ಮೊದಲ ಪದ್ಯದ ಮೂರನೇ ಸಾಲು "ಇರುವ ಕಾಳಿಂಗನೆಂಬ ಗೊಲ್ಲನ". ನಾನು ಮಾತ್ರೆ ಹಾಕಿದರೆ ಇರುವ 3, ಕಾಳಿಂ 4, ಗನೆಂ 3, ಬ ಗೊಲ್ಲ 4, ಆಮೇಲೆ "ನ" ಒಂದು ಉಳಿಯುತ್ತೆ. ಮೊದಲ ಸಾಲಿನಲ್ಲಿ "ಧರಣಿ ಮಂಡಲ ಮಧ್ಯದೊಳಗೆ" ಅಂದರೆ ಒಂದು ಕಡಿಮೆ ಬೀಳುತ್ತೆ. ಇದು ತಪ್ಪಾ? ಪರೀಕ್ಷೆಯಲ್ಲಿ ಬಂದರೆ ಏನು ಬರೆಯಬೇಕು?

ಸೇಡಂ ಮೇಷ್ಟ್ರು

ನಿನ್ನ ಲೆಕ್ಕ ಸರಿ ಇದೆ ತಮ್ಮಾ. ಎರಡೂ ಸಾಲು ತಪ್ಪಲ್ಲ. "ಮಧ್ಯದೊಳಗೆ" ಅನ್ನುವಾಗ ಕೊನೆಯ "ಗೆ" ಎಳೆದರೆ ನಾಲ್ಕು ತುಂಬಿತು. "ಗೊಲ್ಲನ" ಅನ್ನುವಾಗ ಬಾಯಿ ಸ್ವಲ್ಪ ಬೇಗ ಆಡುತ್ತೆ, ಆ ಉಳಿದ "ನ" ಅಲ್ಲೇ ಅಡಗುತ್ತೆ. ಆಳಂದದ ಅಣ್ಣ ಹೇಳಿದ್ದು ಇದನ್ನೇ. ಹಾಡಿನ ಮಾತ್ರೆ ಗಂಟಲಲ್ಲಿ ಇರುತ್ತೆ. ಪರೀಕ್ಷೆಯಲ್ಲಿ ಅಕ್ಷರಕ್ಕೆ ತಕ್ಕ ಲೆಕ್ಕ ಬರೆದು, ಹಾಡುವಾಗ ಎಳೆದು ಅಥವಾ ಅದುಮಿ ಸರಿಹೋಗುತ್ತೆ ಅಂತ ಒಂದು ಸಾಲು ಸೇರಿಸು.

ಎಳೆಯೋದಕ್ಕೆ ಇದಕ್ಕಿಂತ ಚಂದದ ಜಾಗ ಇನ್ನೊಂದಿದೆ. ಗೊಲ್ಲ ಹಸುಗಳನ್ನು ಕರೆಯುವುದು: "ಗಂಗೆ ಬಾರೆ ಗೌರಿ ಬಾರೆ, ತುಂಗಭದ್ರೆ ತಾಯಿ ಬಾರೆ". ಎಣಿಸಿದರೆ ಗಂಗೆ 3, ಬಾರೆ 3, ಗೌರಿ 3, ಬಾರೆ 3. ನಾಲ್ಕು ಇರಬೇಕಾದ ಕಡೆಯೆಲ್ಲ ಒಂದೊಂದು ಕಡಿಮೆ. ಯಾಕೆ ಅಂದರೆ ದನ ಕರೆಯುವವನು "ಬಾರೆ" ಅಂತ ತುಂಡು ಮಾಡಿ ಹೇಳಲ್ಲ, "ಬಾರೇ" ಅಂತ ಕೂಗುತ್ತಾನೆ. ಆ ಕೂಗಿಗೆ ಅಂತ ಒಂದು ಮಾತ್ರೆ ಖಾಲಿ ಬಿಟ್ಟಿದೆ. ಅದನ್ನು ತುಂಬುವುದು ಹಾಡುವವನ ದನಿ. ಇದನ್ನು ಕ್ಲಾಸಿನಲ್ಲಿ ಮೊದಲು ಗೆರೆ ಹಾಕಿಸಿ, ಆಮೇಲೆ ಕೂಗಿಸಿ ತೋರಿಸಬೇಕು ಅಂತಿದ್ದೇನೆ.

ಬೀದರ್ ಓದುಗಿ

ಸರ್, ನಿಮ್ಮ ಮುಖ್ಯ ಮಾತಿಗೆ ನನ್ನದೊಂದು ತಕರಾರಿದೆ. ಬೇಜಾರಾಗಬೇಡಿ.

"ಮೆಚ್ಚ" ಪ್ರಾಸ ತಪ್ಪಿದೆ ಅಂತ ನೀವು ಕಣ್ಣಿನಿಂದ ನೋಡಿ ಹೇಳುತ್ತಿದ್ದೀರಿ. ಕಿವಿಯಿಂದ ಕೇಳಿ. "ತ್ಯ" ಮತ್ತು "ಚ್ಚ" ಬಾಯಲ್ಲಿ ಬಹಳ ಹತ್ತಿರ. ನಮ್ಮ ಬೀದರಿನಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಸತ್ಯಕ್ಕೆ ಸಚ್ ಅಂತ ದಿನಾ ಕೇಳುವ ಕಿವಿಗೆ ಸತ್ಯ, ಮೆಚ್ಚ ಕೂಡದೆ ಇರುತ್ತಾ? ಈ ಹಾಡೇ ಶಾಸ್ತ್ರದ ಪ್ರಾಸ ಪಾಲಿಸಲ್ಲ. "ಕೊಟ್ಟ ಭಾಷೆಗೆ ತಪ್ಪಲಾರೆನು" ಪದ್ಯ ನೋಡಿ: ಕೊಟ್ಟ, ಕೆಟ್ಟ, ನಿಷ್ಠೆ, ಕಟ್ಟ. ಅಲ್ಲಿ "ಷ್ಠ" ಹೇಗೆ ಬಂತು? ಕಿವಿಗೆ ಹತ್ತಿರ ಇತ್ತು, ಬಂತು. ಪುಣ್ಯ, ಕಣ್ಣ, ಕನ್ನೆ ಕೂಡ ಹಾಗೇ. ಬರೆಯದೆ ಬಾಯಿಂದ ಬಾಯಿಗೆ ಬಂದ ಹಾಡಿಗೆ ಛಂದೋಂಬುಧಿಯ ಸಿಂಹ, ವೃಷಭ ಹಚ್ಚಿ ಅಳೆಯುವುದು ನನಗೆ ಅಷ್ಟು ಸರಿ ಕಾಣಲ್ಲ.

ಆದರೆ ಮರುಕಳಿಕೆ ಬಗ್ಗೆ ನೀವು ಹೇಳಿದ್ದರಲ್ಲಿ ಇನ್ನೂ ದೊಡ್ಡ ವಿಷಯ ಇದೆ, ನೀವು ಅದನ್ನು ಅರ್ಧಕ್ಕೆ ಬಿಟ್ಟಿದ್ದೀರಿ. "ಮೆಚ್ಚನಾ ಪರಮಾತ್ಮನು" ಎರಡು ಸಲ ಬರುತ್ತೆ, ನಿಜ. ಯಾರ ಬಾಯಲ್ಲಿ ಬರುತ್ತೆ? ನಾವು ಕಲಿತ ಪಾಠದಲ್ಲಿ ಮೊದಲನೆಯದು ಹಸುವಿನ ಮಾತು. ದೊಡ್ಡಿಯಲ್ಲಿ ನಿಂತು ಕರುವಿಗೆ ಹೇಳುವುದು. ಎರಡನೆಯದು ಹುಲಿಯ ಮಾತು. "ಕನ್ನೆ ಇವಳನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು". ಹುಲಿ ದೊಡ್ಡಿಯಲ್ಲಿ ಇರಲೇ ಇಲ್ಲ. ಹಸು ಕರುವಿಗೆ ಹೇಳಿದ್ದನ್ನು ಅದು ಕೇಳಿಲ್ಲ. ಆದರೂ ಅದೇ ಸಾಲು, ಅಕ್ಷರ ಬದಲಾಗದೆ, ಅದರ ಬಾಯಿಗೆ ಬರುತ್ತೆ. ಎರಡೂ ಸಲ ಕೇಳಿದ್ದು ನಾವು ಮಾತ್ರ. ಹುಲಿ ಮನಸ್ಸು ಬದಲಾಯಿಸಿತು ಅಂತ ಹಾಡು ವಿವರಿಸಿ ಹೇಳಲ್ಲ. ಹಸುವಿನ ಸಾಲನ್ನು ಹುಲಿಗೆ ಕೊಡುತ್ತೆ, ಅಷ್ಟೇ. ನನಗೆ ಈ ಜಾಗಕ್ಕೆ ಬಂದಾಗ ಈಗಲೂ ಗಂಟಲು ಕಟ್ಟುತ್ತೆ.

ಗುರುಮಠಕಲ್ ಮೊಮ್ಮಗಳು

ಅಕ್ಕಾ, ಎಷ್ಟು ಚಂದ ಬರೆದಿರಿ. ಹುಲಿ ಅಲ್ಲಿ ಇರಲಿಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ!

ನಾನು ಬೀಸುವ ಪದದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅವು ತ್ರಿಪದಿ. ಮೂರು ಸಾಲು, ಲೆಕ್ಕದ ಪ್ರಕಾರ ಹನ್ನೊಂದು ಗಣ, ನಾಲ್ಕು, ನಾಲ್ಕು, ಮೂರು. ಇವು ಮಾತ್ರೆ ಗಣ ಅಲ್ಲ, ಅಂಶಗಣ. ಅಕ್ಷರ ಸ್ವಲ್ಪ ಹೆಚ್ಚು ಕಡಿಮೆ ಆದರೂ ನಡೆಯುತ್ತೆ, ಹಾಡಿನಲ್ಲಿ ಹಿಗ್ಗುತ್ತೆ ಕುಗ್ಗುತ್ತೆ. ಆದರೆ ಹಾಡುವಾಗ ಅದು ಮೂರು ಸಾಲಾಗಿ ಉಳಿಯಲ್ಲ. ನಮ್ಮ ಅಜ್ಜಿ ಎರಡನೇ ಸಾಲಿನ ಭಾಗವನ್ನು ತಿರುಗಿ ಹಾಡಿ, ಆಮೇಲೆ ಮೂರನೇ ಸಾಲಿಗೆ ಹೋಗುತ್ತಿದ್ದಳು. ಪುಸ್ತಕದಲ್ಲಿ ಅಚ್ಚು ಹಾಕುವವರು ಆ ಪುನರುಕ್ತಿ ಬಿಟ್ಟುಬಿಡುತ್ತಾರೆ, ಜಾಗ ಉಳಿಯಲಿ ಅಂತ. ಓದುವವರಿಗೆ ಮೂರು ಗಿಡ್ಡ ಸಾಲು ಕಾಣುತ್ತೆ. ಬೀಸುವವರಿಗೆ ಆ ತಿರುಗಿ ಹಾಡುವ ಹೊತ್ತು ಬಹಳ ಮುಖ್ಯ. ಕೈ ಕಲ್ಲು ತಿರುಗಿಸುತ್ತಾ ಇರುತ್ತೆ, ಬಾಯಿ ಹಳೆ ಸಾಲು ಹಾಡುತ್ತಾ ಇರುತ್ತೆ, ತಲೆ ಮೂರನೇ ಸಾಲು ಕಟ್ಟುತ್ತಾ ಇರುತ್ತೆ. ಎದುರು ಕೂತವಳು ಅಷ್ಟರಲ್ಲಿ ದನಿ ಕೂಡಿಸುತ್ತಾಳೆ. ಅಂದರೆ ಮರುಕಳಿಕೆ ಕೇಳುವವರಿಗೆ ಮಾತ್ರ ಅಲ್ಲ, ಹಾಡು ಹುಟ್ಟೋದಕ್ಕೂ ಬೇಕು. ಇದು ಪಾಠದಲ್ಲಿ ಬರಬೇಕು ಅಂತ ನನ್ನ ಆಸೆ.

ಸೇಡಂ ಮೇಷ್ಟ್ರು

ತಂಗಿ, ಖಂಡಿತ ಬರುತ್ತೆ. ಅಜ್ಜಿ ಹಾಡಿದ್ದರಲ್ಲಿ ನೆನಪಿದ್ದಷ್ಟನ್ನು ಮೊಬೈಲಿನಲ್ಲಿ ಹಾಡಿ ಇಟ್ಟುಕೊಳ್ಳಿ. ಬರೆದು ಇಡುವುದಕ್ಕಿಂತ ಅದು ಮುಖ್ಯ.

ಬೀದರಿನ ಮೇಡಂ ಅವರಿಗೆ: ಕಿವಿಯ ಪ್ರಾಸ ಅಂದಿರಿ, ಒಪ್ಪುತ್ತೇನೆ. ನಿಷ್ಠೆ ಕೂಡುತ್ತೆ, ಪುಣ್ಯ, ಕಣ್ಣ, ಕನ್ನೆ ಕೂಡುತ್ತವೆ. ಸತ್ಯ, ಮೆಚ್ಚ ಕೂಡ ಹತ್ತಿರವೇ. ಆದರೆ ಅದೇ "ಮೆಚ್ಚ" ಪುಣ್ಯ, ಕಣ್ಣ, ಕನ್ನೆ ಜೊತೆ ಬಂದು ನಿಂತಾಗ ಯಾವ ಕಿವಿಗೂ ಹತ್ತಿರ ಆಗಲ್ಲ. ಹಸುವಿನ ಪದ್ಯದಲ್ಲಿ ಅದು ಹೊಂದಿಕೊಂಡಿತ್ತು. ಹುಲಿಯ ಪದ್ಯಕ್ಕೆ ಬಂದಾಗ ಬೇರೆ ಮನೆಯಿಂದ ಬಂದ ಸಾಲು ಅಂತ ಕೇಳಿಸುತ್ತೆ. ನೀವು ಹೇಳಿದ್ದು ಮತ್ತು ನಾನು ಹೇಳಿದ್ದು ಇಲ್ಲಿ ಸೇರುತ್ತೆ ನೋಡಿ. ಆ ಸಾಲು ಹುಲಿಯದ್ದಲ್ಲ, ಹಸುವಿನದ್ದು ಅಂತ ಪ್ರಾಸವೇ ಹೇಳಿಬಿಡುತ್ತೆ.

"ತಬ್ಬಲಿ"ಯ ವಿಷಯ ಇನ್ನೂ ಸೂಕ್ಷ್ಮ. ಹಸು ಬೇರೆ ಹಸುಗಳಿಗೆ ಕರುವನ್ನು ಒಪ್ಪಿಸುತ್ತೆ. "ಕಂದ ನಿಮ್ಮವನೆಂದು ಕಾಣಿರಿ ತಬ್ಬಲಿಯನೀ ಕರುವನು". ಮುಂದೆ, ಹಿಂದೆ, ಕಂದ ಆದಮೇಲೆ "ತಬ್ಬ" ಒಂಟಿ. ಪ್ರಾಸ ಸಿಗದೆ ನಿಂತ ಶಬ್ದ ಅದು, ಕರುವಿನ ಹಾಗೇ. ಅದರ ಮುಂದಿನ ಪದ್ಯ ಹೇಗೆ ಶುರುವಾಗುತ್ತೆ?

ತಬ್ಬಲಿಯು ನೀನಾದೆ ಮಗನೆ
ಹೆಬ್ಬುಲಿಯ ಬಾಯನ್ನು ಹೊಗುವೆನು
ಇಬ್ಬರಾ ಋಣ ತೀರಿತೆಂದು
ತಬ್ಬಿಕೊಂಡಿತು ಕಂದನ

ಹಿಂದಿನ ಪದ್ಯದಲ್ಲಿ ಒಂಟಿಯಾಗಿದ್ದ ಶಬ್ದ ಇಲ್ಲಿ ಮುಂದೆ ನಿಂತು ಮೂರು ಜೊತೆಗಾರರನ್ನು ಕರೆದುಕೊಂಡು ಬಂದಿದೆ. ತಬ್ಬಲಿ, ಹೆಬ್ಬುಲಿ, ಇಬ್ಬರು, ತಬ್ಬಿ. ಇಡೀ ಕಥೆ ಈ ನಾಲ್ಕು ಪ್ರಾಸದಲ್ಲೇ ಇದೆ. ತಬ್ಬಲಿ ಅಂದರೆ ಅನಾಥ. ಅದೇ ಸದ್ದಿನಿಂದ ಶುರುವಾದ ಪದ್ಯ ತಾಯಿ ತಬ್ಬಿಕೊಳ್ಳುವುದರಲ್ಲಿ ಮುಗಿಯುತ್ತೆ. ಇದನ್ನು ಬರೀ ಹಯಪ್ರಾಸ ಅಂತ ಬರೆದು ಎರಡು ಅಂಕ ತಗೊಂಡು ಮುಂದೆ ಹೋದರೆ ಮಕ್ಕಳಿಗೆ ನಾವು ಮೋಸ ಮಾಡಿದ ಹಾಗೆ ಅನ್ನಿಸುತ್ತೆ ನನಗೆ.

ಬಸವಕಲ್ಯಾಣ

ನಮ್ಮ ಕಡೆ ಆ "ಮುಂದೆ ಬಂದರೆ, ಹಿಂದೆ ಬಂದರೆ" ಪದ್ಯದಲ್ಲಿ "ಹಾಯದಿರಿ, ಒದೆಯದಿರಿ" ಅಂತ ಕೆಲವರು ಹಾಡುತ್ತಾರೆ, "ಹಾಯಬೇಡಿ, ಒದೆಯಬೇಡಿ" ಅಂತ ಕೆಲವರು ಹಾಡುತ್ತಾರೆ. ಯಾವುದು ಸರಿ?

ಬೀದರ್ ಓದುಗಿ

ಎರಡೂ ಸರಿ ಅಣ್ಣಾ. "ಮುಂದೆ ಬಂದರೆ", "ಹಿಂದೆ ಬಂದರೆ" ಅನ್ನೋದು ಯಾರೂ ಬದಲಾಯಿಸಲ್ಲ ನೋಡಿ. ಪ್ರಾಸ ಇರೋದು ಅಲ್ಲಿ, ಹಿಡಿತ ಇರೋದು ಅಲ್ಲಿ. ಸಾಲಿನ ಬಾಲದಲ್ಲಿ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಳಂದದವರ ಗೀಗೀ ಪದದಲ್ಲಿ ಇದು ತಿರುಗುಮುರುಗು ಆಗುತ್ತೆ ಅಂತ ನನ್ನ ಊಹೆ. ಅಲ್ಲಿ ಕೊನೆ ಗಟ್ಟಿ, ಶುರು ಸಡಿಲ ಇರಬೇಕು. ಹೌದಾ ಅಣ್ಣಾ?

ಡಪ್ಪಿನ ಕೈ, ಆಳಂದ

ಹೌದಕ್ಕಾ, ನೂರಕ್ಕೆ ನೂರು. ಸಾಲಿನ ಶುರು ಮರೆತರೆ "ಕೇಳಿರಿ ಜನರೆಲ್ಲ" ಅಂತ ಏನಾದರೂ ಹಾಕಿ ನಡೆಸುತ್ತೇವೆ. ಕೊನೆ ಮರೆತರೆ ಮುಗಿಯಿತು. ಹೊಸಬರಿಗೆ ಕಲಿಸುವಾಗಲೂ ಕೊನೆ ಶಬ್ದಗಳನ್ನೇ ಮೊದಲು ಬಾಯಿಗೆ ಕೂಡಿಸುತ್ತೇವೆ.

ಶಹಾಪುರ ಡಿಗ್ರಿ ಹುಡುಗ

ಕರು ಕೇಳುವ ಪದ್ಯದ ಬಗ್ಗೆ ಯಾರೂ ಹೇಳಲಿಲ್ಲ. "ಯಾರ ಮೊಲೆಯನು ಕುಡಿಯಲಮ್ಮ, ಯಾರ ಬಳಿಯಲಿ ಮಲಗಲಮ್ಮ, ಯಾರ ಸೇರಿ ಬದುಕಲಮ್ಮ, ಯಾರು ನನಗೆ ಹಿತವರು". ಇಲ್ಲಿ ಪ್ರಾಸ ಅಂತ ಬೇರೆ ಹುಡುಕೋದೇ ಬೇಡ, ಒಂದೇ ಶಬ್ದ ನಾಲ್ಕು ಸಲ ಬಂದಿದೆ. ನಮ್ಮ ಲೆಕ್ಚರರ್ ಒಬ್ಬರು ಅದೇ ಶಬ್ದ ತಿರುಗಿ ಹಾಕಿ ಪ್ರಾಸ ಕೂಡಿಸೋದು ಕವಿಯ ಸೋಮಾರಿತನ ಅಂದಿದ್ದರು. ನನಗೆ ಹಾಗೆ ಅನ್ನಿಸಲ್ಲ. ಚಿಕ್ಕ ಮಗು ಅಳುವಾಗ ಬೇರೆ ಬೇರೆ ಶಬ್ದ ಹುಡುಕಿ ಅಳುತ್ತಾ? ಯಾರು ಯಾರು ಅಂತ ಒಂದೇ ಹಿಡಿಯುತ್ತೆ. ಮೊದಲ ಮೂರು ಸಾಲಲ್ಲಿ ಕೊನೆಗೂ "ಅಮ್ಮ" ಅಂತಲೇ ಬರುತ್ತೆ. ನಾಲ್ಕನೇ ಸಾಲಿನಲ್ಲಿ ಆ "ಅಮ್ಮ" ಇಲ್ಲ. ಅದು ಬೇಕು ಅಂತಲೇ ತೆಗೆದಿದ್ದಾರೋ ಅಥವಾ ಸಾಲು ಗಿಡ್ಡ ಅಂತ ಹಿಡಿಸಲಿಲ್ಲವೋ?

ಸೇಡಂ ಮೇಷ್ಟ್ರು

ನಾಲ್ಕನೇ ಸಾಲಿಗೆ 3+4+3 ಆದಮೇಲೆ ಒಂದೇ ಅಕ್ಷರಕ್ಕೆ ಜಾಗ. "ಅಮ್ಮ" ಅಲ್ಲಿ ಕೂರಲ್ಲ. ಲಯದ ಕಾರಣಕ್ಕೇ ಹೋಗಿರಬಹುದು. ಆದರೆ ಪರಿಣಾಮ ನೋಡು: ಮೂರು ಸಲ ಅಮ್ಮ ಅಮ್ಮ ಅಂದ ಕರು ನಾಲ್ಕನೇ ಸಲ ಅಮ್ಮ ಇಲ್ಲದ ಸಾಲು ಹೇಳುತ್ತೆ, ಅದೂ ತನ್ನವರು ಯಾರು ಅಂತ ಕೇಳುವಾಗ. ಕಟ್ಟಿದವರು ಯೋಚಿಸಿ ಮಾಡಿದರೋ, ಲಯ ತಾನೇ ಮಾಡಿಸಿತೋ, ಹಾಡಿನಲ್ಲಿ ಎರಡೂ ಒಂದೇ ಕೆಲಸ ಮಾಡುತ್ತೆ. ಕ್ಲಾಸಿನಲ್ಲಿ ನಿನ್ನ ಪ್ರಶ್ನೆಯನ್ನೇ ಹಾಗೇ ಇಡುತ್ತೇನೆ, ಮಕ್ಕಳು ಏನಂತಾರೆ ಕೇಳೋಣ.

ಇನ್ನೊಂದು ಕೆಲಸ ಮಾಡಿಸುವವನಿದ್ದೇನೆ. ಮರುಕಳಿಸುವ ಸಾಲುಗಳನ್ನು ತೆಗೆದು, ಆ ಜಾಗಕ್ಕೆ ಆ ಪದ್ಯದ ಪ್ರಾಸಕ್ಕೆ ಸರಿಯಾಗಿ ಕೂಡುವ ಬೇರೆ ಸಾಲು ಕಟ್ಟಿಸುವುದು. ಹುಲಿಯ ಪದ್ಯಕ್ಕೆ ಪುಣ್ಯ, ಕಣ್ಣ, ಕನ್ನೆ ಜೊತೆ ಕೂಡುವ ನಾಲ್ಕನೇ ಸಾಲು, 3+4+3 ಮತ್ತು ಒಂದು ಗುರು. ಮಕ್ಕಳು ಚೆನ್ನಾಗಿಯೇ ಕಟ್ಟುತ್ತಾರೆ. ಆಮೇಲೆ ಎರಡನ್ನೂ ಹಾಡಿಸಬೇಕು. ಯಾವ ಸಾಲಿಗೆ ಹುಲಿಯ ಮನಸ್ಸು ಬದಲಾಗಿದೆ ಅಂತ ನಂಬಿಕೆ ಬರುತ್ತೆ ಅಂತ ಅವರೇ ಹೇಳಲಿ.

ಆಳಂದದ ಅಣ್ಣನಿಗೆ ಒಂದೇ ಪ್ರಶ್ನೆ. ನಾಲ್ಕನೇ ಸಾಲಿನ ಕೊನೆ ಅಕ್ಷರವನ್ನು ಎಷ್ಟು ಎಳೆಯಬೇಕು? ಪುಸ್ತಕದಲ್ಲಿ ಒಂದು ಗುರು, ಅಂದರೆ 2 ಮಾತ್ರೆ. ನನಗೆ ಅಷ್ಟು ಸಾಲಲ್ಲ ಅನ್ನಿಸುತ್ತೆ.

ಡಪ್ಪಿನ ಕೈ, ಆಳಂದ

ಸಾಲಲ್ಲ ಸರ್. ಮೇಲಿನ ಮೂರು ಸಾಲಿಗೆ ಕೈ 3, 4, 3, 4 ಅಂತ ಬಿದ್ದಿರುತ್ತೆ. ನಾಲ್ಕನೇ ಸಾಲಿನಲ್ಲಿ ಮಾತು ನಿಂತರೂ ಕೈ ನಿಲ್ಲಲ್ಲ, ಕೊನೆಯ ನಾಲ್ಕನ್ನು ಅದು ತುಂಬಿಯೇ ತುಂಬುತ್ತೆ. ನೀವು "ನು" ಅಂತ ಎರಡು ಎಳೆದು ಬಿಡಿ, ಉಳಿದ ಎರಡು ಡಪ್ಪಿಗೆ ಬಿಡಿ. ಒಬ್ಬರೇ ಹಾಡುವುದಾದರೆ ಮಕ್ಕಳಿಗೆ ಆ ಎರಡಕ್ಕೆ ಚಪ್ಪಾಳೆ ಹಾಕಲು ಹೇಳಿ. ಆದರೆ ಆ "ತಬ್ಬಿಕೊಂಡಿತು ಕಂದನ" ಅನ್ನೋ ಕಡೆ ಚಪ್ಪಾಳೆ ಬೇಡ ಸರ್, ಅಲ್ಲಿ ನಾಲ್ಕೂ ದನಿಯಲ್ಲೇ ಎಳೆಯಿರಿ.